ಕರ್ಣದ ಮೇಲಣ ಅವಲಂಬಕ

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಣಿತವ್ಯವಹಾರವು ಕ್ಷೇತ್ರಗಳ ವಿಂಗಡಣೆಯಿಂದ ಆರಂಭವಾಗುತ್ತದೆ. ತ್ರಿಭುಜವು ಮೂರು ಬಗೆ, ಚತುರ್ಭುಜವು ಐದು ಬಗೆ, ವೃತ್ತಜಾತಿಯು ಎಂಟು ಬಗೆ, ಒಟ್ಟು ಹದಿನಾರು. ತ್ರಿಭುಜದ ಮೂರು ಬಗೆಗಳೆಂದರೆ ಸಮ, ದ್ವಿಸಮ ಮತ್ತು ವಿಷಮ. ಒಂದು ಕೋನವು ಲಂಬವಾಗಿರುವ ತ್ರಿಭುಜಕ್ಕೆ, ಎಂದರೆ ತರುವಾಯದ ಗಣಿತಜ್ಞರು ಜಾತ್ಯವೆಂದು ಕರೆದ ಆಕೃತಿಗೆ, ಈ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಹೀಗಿರಲು, ಜಾತ್ಯತ್ರಿಭುಜದ ಲಂಬಕೋನದಿಂದ ಎದುರಿನ ಕರ್ಣಕ್ಕೆ ಅವಲಂಬಕವನ್ನು ಇಳಿಸಿದರೆ ಅದರ ಅಳತೆ ಎಷ್ಟು, ಅದು ಕರ್ಣವನ್ನು ಯಾವ ಎರಡು ಖಂಡಗಳಾಗಿ ಒಡೆಯುತ್ತದೆ ಎಂಬ ಪ್ರಶ್ನೆ ಜೈನಗಣಿತಕ್ಕೆ ಹೊರಗಿನದೆಂದು ಮೇಲುನೋಟಕ್ಕೆ ತೋರಬಹುದು. ಹೆಸರಿಲ್ಲದಿರುವುದರಿಂದ ವಸ್ತುವೇ ಇಲ್ಲವೆಂದು ನಿರ್ಣಯಿಸುವುದು ಹಸ್ತಪ್ರತಿಗಳ ವ್ಯಾಸಂಗದಲ್ಲಿ ಪದೇಪದೇ ಎದುರಾಗುವ ಅವಸರ. ಈ ಪ್ರಶ್ನೆಯ ಉತ್ತರವು ಜೈನವಾಙ್ಮಯದಲ್ಲಿ ಒಂದಲ್ಲ, ಮೂರು ಕಡೆ ಇದೆ. ಅವುಗಳಲ್ಲಿ ಒಂದಂತೂ ಕರಣಾನುಯೋಗವನ್ನು ಓದಿದ ಪ್ರತಿಯೊಬ್ಬ ಪಂಡಿತರಿಗೂ ಕಂಠಸ್ಥವಾದದ್ದು.

ಮೊದಲು ಪರಿಭಾಷೆ. ಮಹಾವೀರಾಚಾರ್ಯರಲ್ಲಿ ಜಾತ್ಯತ್ರಿಭುಜವು ಆಯತಚತುರಶ್ರದ ಒಳಗೆ ಅಡಗಿದೆ. ಆಯತದ ಒಂದು ಬಾಹು ಭುಜ, ಅದಕ್ಕೆ ಲಂಬವಾದದ್ದು ಕೋಟಿ, ಮೂಲೆಯಿಂದ ಮೂಲೆಗೆ ಎಳೆದ ಸೂತ್ರವು ಕರ್ಣ. ಕರ್ಣವನ್ನು ಎಳೆದೊಡನೆ ಆಯತವು ಎರಡು ಸಮಾನ ಜಾತ್ಯತ್ರಿಭುಜಗಳಾಗುತ್ತದೆ. ಇಂತಹ ಆಯತಗಳನ್ನು ಎರಡು ಬೀಜಸಂಖ್ಯೆಗಳಿಂದ ಹುಟ್ಟಿಸುವ ಕ್ರಮವನ್ನು ಆಚಾರ್ಯರು ಜನ್ಯವ್ಯವಹಾರವೆಂಬ ಹೆಸರಿನಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಬೀಜಗಳ ವರ್ಗಗಳ ಅಂತರವು ಒಂದು ಬಾಹು, ಬೀಜಗಳ ಗುಣಲಬ್ಧದ ಇಮ್ಮಡಿಯು ಇನ್ನೊಂದು ಬಾಹು, ವರ್ಗಗಳ ಮೊತ್ತವು ಕರ್ಣ. ಬೀಜಗಳು 1 ಮತ್ತು 2 ಆದರೆ 3, 4, 5 ದೊರೆಯುತ್ತವೆ; 2 ಮತ್ತು 3 ಆದರೆ 5, 12, 13. ‘ಜನ್ಯ’ವೆಂಬ ಮಾತಿನಲ್ಲಿಯೇ ಆಚಾರ್ಯರ ದೃಷ್ಟಿ ವ್ಯಕ್ತವಾಗುತ್ತದೆ. ಅವರಿಗೆ ಜಾತ್ಯತ್ರಿಭುಜವು ಎಣಿಸಿ ಇಡಬೇಕಾದ ಒಂದು ಬಗೆಯಲ್ಲ, ಇತರ ಕ್ಷೇತ್ರಗಳನ್ನು ಕಟ್ಟುವ ದ್ರವ್ಯ. ಪಟ್ಟಿಯಲ್ಲಿ ಅದರ ಹೆಸರು ಕಾಣದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಇನ್ನು ಅವಲಂಬಕದ ಸೂತ್ರ. ಯಾವುದೇ ತ್ರಿಭುಜದ ಎರಡು ಪಾರ್ಶ್ವಭುಜಗಳ ವರ್ಗಾಂತರವನ್ನು ಭೂಮಿಯಿಂದ ಭಾಗಿಸಬೇಕು. ಬಂದ ಫಲಕ್ಕೂ ಭೂಮಿಗೂ ಸಂಕ್ರಮಣವನ್ನು ಮಾಡಬೇಕು, ಎಂದರೆ ಎರಡರ ಮೊತ್ತದ ಅರ್ಧವನ್ನೂ ಅಂತರದ ಅರ್ಧವನ್ನೂ ತೆಗೆಯಬೇಕು. ಇವೇ ಎರಡು ಆಬಾಧೆಗಳು. ಆಬಾಧೆಯ ವರ್ಗವನ್ನು ಅದರ ಪಕ್ಕದ ಭುಜದ ವರ್ಗದಲ್ಲಿ ಕಳೆದು ಮೂಲವನ್ನು ತೆಗೆದರೆ ಅವಲಂಬಕ. ಇದನ್ನು ಪೂರ್ವಾಚಾರ್ಯರ ಮತವೆಂದೇ ಮಹಾವೀರಾಚಾರ್ಯರು ಹೇಳುತ್ತಾರೆ, ಕ್ರಿ.ಶ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿಯೂ ಇದೇ ಕ್ರಮವಿದೆ. ಸೂತ್ರವು ಸಾಮಾನ್ಯವಾದದ್ದು, ಸಮ, ದ್ವಿಸಮ, ವಿಷಮವೆಂಬ ಭೇದವಿಲ್ಲದೆ ಎಲ್ಲಕ್ಕೂ ಸಲ್ಲುತ್ತದೆ. ಆದುದರಿಂದ ಕರ್ಣವನ್ನೇ ಭೂಮಿಯಾಗಿ ಮಲಗಿಸಿದ ಜಾತ್ಯತ್ರಿಭುಜಕ್ಕೂ ಸಲ್ಲಬೇಕು.

ಭುಜ 15, ಕೋಟಿ 20, ಕರ್ಣ 25 ಇರುವ ಕ್ಷೇತ್ರವನ್ನು ತೆಗೆದುಕೊಂಡು ನೋಡಬಹುದು. ಪಾರ್ಶ್ವಭುಜಗಳ ವರ್ಗಗಳು 225 ಮತ್ತು 400, ಅಂತರ 175. ಭೂಮಿಯಾದ 25ರಿಂದ ಭಾಗಿಸಿದರೆ 7. 25ಕ್ಕೂ 7ಕ್ಕೂ ಸಂಕ್ರಮಣ ಮಾಡಿದರೆ 16 ಮತ್ತು 9. ಇವು ಆಬಾಧೆಗಳು. 400ರಲ್ಲಿ 256ನ್ನು ಕಳೆದರೂ, 225ರಲ್ಲಿ 81ನ್ನು ಕಳೆದರೂ 144 ಉಳಿಯುತ್ತದೆ. ಅದರ ಮೂಲ 12. ಇದೇ ಕರ್ಣದ ಮೇಲಣ ಅವಲಂಬಕ. ಜಾತ್ಯತ್ರಿಭುಜದಲ್ಲಿ ಕರ್ಣವರ್ಗವು ಭುಜಕೋಟಿವರ್ಗಗಳ ಮೊತ್ತವೇ ಆದುದರಿಂದ ಸೂತ್ರವು ತಾನಾಗಿಯೇ ಸಂಕ್ಷಿಪ್ತವಾಗುತ್ತದೆ. ಭುಜವರ್ಗವನ್ನು ಕರ್ಣದಿಂದ ಭಾಗಿಸಿದರೆ ಭುಜದ ಕಡೆಯ ಆಬಾಧೆ, ಕೋಟಿವರ್ಗವನ್ನು ಭಾಗಿಸಿದರೆ ಕೋಟಿಯ ಕಡೆಯ ಆಬಾಧೆ, ಭುಜಕೋಟಿಗಳ ಗುಣಲಬ್ಧವನ್ನು ಭಾಗಿಸಿದರೆ ಅವಲಂಬಕ. 15ನ್ನು 20ರಿಂದ ಗುಣಿಸಿ 25ರಿಂದ ಭಾಗಿಸಿದರೆ 12. ಎರಡು ಆಬಾಧೆಗಳನ್ನು ಪರಸ್ಪರ ಗುಣಿಸಿದರೆ 144, ಎಂದರೆ ಅವಲಂಬಕದ ವರ್ಗ. ಆಬಾಧೆಗಳ ಘಾತವು ಅವಲಂಬಕದ ವರ್ಗಕ್ಕೆ ಸಮವಾಗುವುದು ಜಾತ್ಯತ್ರಿಭುಜದ ಅಸಾಧಾರಣ ಲಕ್ಷಣ. 13, 14, 15 ಭುಜಗಳ ಪ್ರಸಿದ್ಧ ವಿಷಮತ್ರಿಭುಜದಲ್ಲಿ 14ರ ಮೇಲಣ ಅವಲಂಬಕವೂ 12 ಆಗಿದ್ದು, ಆಬಾಧೆಗಳು 5 ಮತ್ತು 9. ಅವುಗಳ ಘಾತ 45 ಮಾತ್ರ.

ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಜನ್ಯವ್ಯವಹಾರದ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ. ವಿಷಮತ್ರಿಭುಜವನ್ನು ಹುಟ್ಟಿಸಲು ಮಹಾವೀರಾಚಾರ್ಯರು ಹೇಳುವ ಉಪಾಯವೆಂದರೆ ಎರಡು ಜನ್ಯಕ್ಷೇತ್ರಗಳನ್ನು ಒಂದೇ ಎತ್ತರಕ್ಕೆ ತಂದು ಬೆನ್ನಿಗೆ ಬೆನ್ನು ಹಚ್ಚುವುದು. 5, 12, 13ನ್ನೂ, 3, 4, 5ನ್ನು ಮೂರರಿಂದ ಗುಣಿಸಿದ 9, 12, 15ನ್ನೂ 12ರ ಅಂಚಿನಲ್ಲಿ ಕೂಡಿಸಿದರೆ 13, 14, 15ರ ತ್ರಿಭುಜವಾಗುತ್ತದೆ. ಅದೇ ಕ್ರಮದಲ್ಲಿ 9, 12, 15ಕ್ಕೆ 12, 16, 20ನ್ನು ಹಚ್ಚಿದರೆ 15, 20, 25 ಬರುತ್ತದೆ. ಇಲ್ಲಿ ಎರಡು ತುಂಡುಗಳೂ ಒಂದೇ ಬೀಜದ ಸಂತಾನ, 3, 4, 5ರ ಮೂರು ಮಡಿ ಮತ್ತು ನಾಲ್ಕು ಮಡಿ. ಒಂದರ ಕೋಟಿಯು ಇನ್ನೊಂದರ ಭುಜವಾಗಿ ನಿಂತಿದೆ. ಒಂದೇ ಬೀಜದಿಂದ ಹುಟ್ಟಿದ ಎರಡನ್ನು ಭುಜಕೋಟಿಗಳನ್ನು ಅದಲುಬದಲು ಮಾಡಿ ಸೇರಿಸಿದಾಗ ಮಾತ್ರ ಕೂಡಿದ ತ್ರಿಭುಜವೂ ಜಾತ್ಯವಾಗುತ್ತದೆ. ಅವಲಂಬಕವೂ ಆಬಾಧೆಗಳೂ ಭಿನ್ನವಿಲ್ಲದೆ ಬರಬೇಕಾದರೆ ಮೂಲತ್ರಿಭುಜವನ್ನು ಅದರ ಕರ್ಣದಿಂದಲೇ ಗುಣಿಸಿದರಾಯಿತು. 5, 12, 13ನ್ನು 13ರಿಂದ ಗುಣಿಸಿದರೆ 65, 156, 169, ಅವಲಂಬಕ 60, ಆಬಾಧೆಗಳು 25 ಮತ್ತು 144, ಎಂದರೆ ಮೂಲದ ಭುಜಕೋಟಿಗಳ ವರ್ಗಗಳೇ. 8, 15, 17ನ್ನು 17ರಿಂದ ಗುಣಿಸಿದರೆ ಅವಲಂಬಕ 120, ಆಬಾಧೆಗಳು 64 ಮತ್ತು 225.

ಮೂರನೆಯ ಸ್ಥಾನವು ಗಣಿತಗ್ರಂಥಗಳಲ್ಲಿ ಅಲ್ಲ, ಲೋಕವರ್ಣನೆಯಲ್ಲಿದೆ. ವಿಚಾರಾರ್ಹವಾದ ಅಂಶವೂ ಇದೇ. ಜಂಬೂದ್ವೀಪದ ವಿಷ್ಕಂಭವು ಒಂದು ಲಕ್ಷ ಯೋಜನ. ಅದನ್ನು 190 ಭಾಗ ಮಾಡಿದರೆ ದಕ್ಷಿಣದ ತುದಿಯ ಭರತಕ್ಷೇತ್ರಕ್ಕೆ ಒಂದು ಭಾಗ, 526 6/19 ಯೋಜನ. ಇದು ಭರತಕ್ಷೇತ್ರದ ಇಷು ಅಥವಾ ಬಾಣ. ಭರತಕ್ಕೂ ಹಿಮವತ್ ಪರ್ವತಕ್ಕೂ ನಡುವಣ ಗಡಿರೇಖೆಯು ಅದರ ಜೀವಾ. ವಿಷ್ಕಂಭದಲ್ಲಿ ಇಷುವನ್ನು ಕಳೆದು, ಉಳಿದುದನ್ನು ಇಷುವಿನಿಂದಲೂ ನಾಲ್ಕರಿಂದಲೂ ಗುಣಿಸಿ ಮೂಲವನ್ನು ತೆಗೆದರೆ ಜೀವಾ ಎಂಬ ಕರಣಸೂತ್ರವು ‘ತತ್ತ್ವಾರ್ಥಾಧಿಗಮ’ದ ಭಾಷ್ಯದಲ್ಲಿಯೂ, ಯತಿವೃಷಭರ ‘ತಿಲೋಯಪಣ್ಣತ್ತಿ’ಯಲ್ಲಿಯೂ, ಶ್ರವಣಬೆಳಗೊಳದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ತ್ರಿಲೋಕಸಾರ’ದಲ್ಲಿಯೂ ಇದೆ. ನಾಲ್ಕರಿಂದ ಗುಣಿಸುವುದನ್ನು ಬಿಟ್ಟರೆ ದೊರೆಯುವುದು ಜೀವಾರ್ಧದ ವರ್ಗ. ಜೀವಾರ್ಧವರ್ಗವು ಇಷುವಿನ ಮತ್ತು ಶೇಷವಿಷ್ಕಂಭದ ಘಾತ.

ಇದು ಯಾವ ಕ್ಷೇತ್ರ? ದ್ವೀಪದ ದಕ್ಷಿಣ ತುದಿಯಿಂದ ಮೇರುವಿನ ಮೂಲಕ ಉತ್ತರ ತುದಿಗೆ ವಿಷ್ಕಂಭಸೂತ್ರವನ್ನು ಎಳೆಯಬೇಕು. ಜೀವಾದ ಒಂದು ತುದಿಯಿಂದ ಆ ಎರಡು ತುದಿಗಳಿಗೂ ಸೂತ್ರಗಳನ್ನು ಹಿಡಿಯಬೇಕು. ಪರಿಧಿಯ ಮೇಲಣ ಬಿಂದುವಿನಿಂದ ವಿಷ್ಕಂಭದ ಎರಡು ತುದಿಗಳಿಗೆ ಎಳೆದ ಸೂತ್ರಗಳು ಪರಸ್ಪರ ಲಂಬವಾಗಿರುವುದರಿಂದ ಇದು ಜಾತ್ಯತ್ರಿಭುಜ. ಇದರ ಕರ್ಣವು ಒಂದು ಲಕ್ಷ ಯೋಜನದ ವಿಷ್ಕಂಭವೇ. ಇಷುವು ಒಂದು ಆಬಾಧೆ, ಶೇಷವಿಷ್ಕಂಭವು ಇನ್ನೊಂದು ಆಬಾಧೆ, ಜೀವಾರ್ಧವೇ ಅವಲಂಬಕ. 9ನ್ನು 16ರಿಂದ ಗುಣಿಸಿದರೆ 12ರ ವರ್ಗವೆಂಬ ಮಾತೂ ಭರತಕ್ಷೇತ್ರದ ಜೀವಾಸೂತ್ರವೂ ಒಂದೇ ನಿಯಮ. ಉಪಪತ್ತಿಯನ್ನು ಬಯಸುವವರಿಗೆ ದಾರಿ ಸುಲಭವಾಗಿದೆ. ವಿಷ್ಕಂಭಾರ್ಧವನ್ನು ಕರ್ಣವೆಂದೂ, ಇಷುವನ್ನು ಕಳೆದ ವಿಷ್ಕಂಭಾರ್ಧವನ್ನು ಕೋಟಿಯೆಂದೂ ಇಟ್ಟುಕೊಂಡರೆ ಜೀವಾರ್ಧವು ಭುಜ. ಎರಡು ವರ್ಗಗಳ ಅಂತರವನ್ನು ಯೋಗಾಂತರಗಳ ಘಾತವಾಗಿ ಬಿಡಿಸಿದರೆ ಇಷು ಮತ್ತು ಶೇಷವಿಷ್ಕಂಭಗಳೇ ಬರುತ್ತವೆ. ಅಂಕಗಳಲ್ಲಿ ಹೇಳುವುದಾದರೆ ಇಷುವು 10000/19, ಶೇಷವಿಷ್ಕಂಭವು 1890000/19. ಘಾತದ ಮೂಲವು 137477/19ಕ್ಕಿಂತ ಸ್ವಲ್ಪ ಹೆಚ್ಚು, ಎಂದರೆ ಅವಲಂಬಕವು 7235 12/19 ಯೋಜನಕ್ಕಿಂತ ತುಸು ಅಧಿಕ. ಇದರ ಇಮ್ಮಡಿಯು 14471 5/19 ಯೋಜನ ಮತ್ತು ಕಿಂಚಿತ್. ಭರತಕ್ಷೇತ್ರದ ಉತ್ತರಜೀವಾದ ಪರಿಚಿತ ಮಾನವೇ ಇದು.

ಕರಣಾನುಯೋಗದ ಗ್ರಂಥಗಳನ್ನು ಸಿದ್ಧಾಂತವೆಂದೂ ಗಣಿತಸಾರವನ್ನು ಲೌಕಿಕವೆಂದೂ ಬೇರೆ ಬೇರೆ ಕಟ್ಟುಗಳಲ್ಲಿ ಇಟ್ಟು ಓದುವ ಅಭ್ಯಾಸದಿಂದ ಈ ಸಾಮ್ಯವು ಕಣ್ಣಿಗೆ ಬೀಳದೆ ಹೋಗುತ್ತದೆ. ಮಹಾವೀರಾಚಾರ್ಯರಾದರೋ ಇಂತಹ ಗೋಡೆಯನ್ನು ಎಬ್ಬಿಸಿದವರಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭಿಸುವ ಗ್ರಂಥದ ಸಂಜ್ಞಾಧಿಕಾರದಲ್ಲಿಯೇ ಅವರು ಲೌಕಿಕ, ವೈದಿಕ, ಸಾಮಾಯಿಕ ವ್ಯಾಪಾರಗಳೆಲ್ಲಕ್ಕೂ ಗಣಿತವು ಬೇಕೆಂದು ಹೇಳಿ, ವಾಸ್ತುವಿದ್ಯೆಯನ್ನೂ ದ್ವೀಪಸಾಗರಗಳ ಮಾನವನ್ನೂ ಒಂದೇ ಉಸಿರಿನಲ್ಲಿ ಎಣಿಸುತ್ತಾರೆ. ದ್ವೀಪದ ಮಾನವಾಯಿತು. ವಾಸ್ತುವಿಗೂ ನೆಲಕ್ಕೂ ಬಂದಾಗ ಇದೇ ಅವಲಂಬಕವು ಏನು ಮಾಡುತ್ತದೆಂಬುದನ್ನು ನೋಡಲು ತುಂಗಭದ್ರೆಯ ದಕ್ಷಿಣ ದಡದ ಹಂಪೆ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಪರಿಸರವು ಅನುಕೂಲವಾದ ಸ್ಥಳ. ಜಿನಾಲಯ, ಏರಿ, ಕಾಲುವೆ, ಗದ್ದೆ ಇವೆಲ್ಲವೂ ಅಲ್ಲಿ ಒಂದು ದಿನದ ನಡಿಗೆಯೊಳಗೆ ದೊರೆಯುತ್ತವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹೊಸಪೇಟೆ, ಹಂಪೆಗಳು ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿಗಳು ಇನ್ನೊಂದಕ್ಕೂ ಸೇರಿವೆ. ನೀರಿನ ಮತ್ತು ಬೆಟ್ಟದ ಸಂಬಂಧ ಮಾತ್ರ ಹಿಂದಿನಂತೆಯೇ ಇದೆ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಪಕ್ಕದಲ್ಲಿ ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಬಸದಿಯಿದೆ. ಅದರ ಎದುರಿನ ಕಂಬದ ಶಾಸನವು ಶಕ 1307, ಕ್ರೋಧನ ಸಂವತ್ಸರದ್ದು. ಎರಡನೆಯ ಹರಿಹರನ ಮಂತ್ರಿಯಾದ ಚೈಚ ದಂಡನಾಯಕನ ಮಗ ಇರುಗಪ್ಪನು, ಮೂಲಸಂಘ ಬಲಾತ್ಕಾರಗಣದ ಸಿಂಹನಂದಿ ಆಚಾರ್ಯರ ಶಿಷ್ಯನಾಗಿ, ವಿಜಯನಗರದಲ್ಲಿ ಕುಂಥುಜಿನನಾಥನ ಚೈತ್ಯಾಲಯವನ್ನು ಶಿಲೆಯಲ್ಲಿ ಮಾಡಿಸಿದನೆಂದು ಅದು ತಿಳಿಸುತ್ತದೆ. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಇವನೇ. ನಗರದೊಳಗೆ ಎಲೆಅಡಕೆಯ ಅಂಗಡಿಬೀದಿಯಲ್ಲಿ ಎರಡನೆಯ ದೇವರಾಯನು ಶಕ 1348ರಲ್ಲಿ, ಎಂದರೆ ಕ್ರಿ.ಶ. 1426ರಲ್ಲಿ, ಪಾರ್ಶ್ವನಾಥನಿಗೆ ಕಟ್ಟಿಸಿದ ಚೈತ್ಯಾಲಯವು ಇನ್ನೊಂದು.

ಗಾಣಗಿತ್ತಿ ಬಸದಿಯ ಗರ್ಭಗೃಹದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಶಿಖರವಿದೆ. ಇದೇ ಬಗೆಯ ಶಿಖರಗಳು ಹಂಪೆಯ ಹೇಮಕೂಟದ ಮೇಲೆ ಹಲವು ಇರುವುದರಿಂದ ಆ ಗುಡಿಗಳನ್ನೂ ಜೈನ ಬಸದಿಗಳೆಂದು ಬಹುಕಾಲ ಹೇಳಿಕೊಂಡು ಬರಲಾಯಿತು. ಸ್ಥಳದಲ್ಲಿ ಈಗಲೂ ಆ ಮಾತು ಕಿವಿಗೆ ಬೀಳುತ್ತದೆ. ಅಲ್ಲಿಯ ತ್ರಿಕೂಟದ ಶಾಸನವನ್ನು ಓದಿದ ಮೇಲೆ ಸಂದೇಹಕ್ಕೆ ಎಡೆಯಿಲ್ಲ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ತನ್ನ ತಂದೆತಾಯಿಗಳೇ ಮೊದಲಾದವರ ನೆನಪಿಗೆ ಶಿವಲಿಂಗಗಳನ್ನು ಪ್ರತಿಷ್ಠಿಸಿದ ಗುಡಿ ಅದು, ಹದಿನಾಲ್ಕನೆಯ ಶತಮಾನದ ಆರಂಭದ್ದು. ಹೆಸರಿನ ಸಾದೃಶ್ಯವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಕ್ರಿ.ಶ. 1368ರಲ್ಲಿ ಬುಕ್ಕರಾಯನು ಜೈನರಿಗೂ ವೈಷ್ಣವರಿಗೂ ಮಾಡಿಸಿದ ಒಡಂಬಡಿಕೆಯ ಶ್ರವಣಬೆಳಗೊಳ ಶಾಸನದಲ್ಲಿ ಆನೆಯಗೊಂದಿಯೊಡನೆ ಹೊಸಪಟ್ಟಣದ ಭವ್ಯಜನರ ಉಲ್ಲೇಖವಿದೆ. ಇದನ್ನು ಇಂದಿನ ಹೊಸಪೇಟೆಯೆಂದು ತಿಳಿಯಲಾಗದು. ಈ ಪೇಟೆಯು ನೆಲೆಗೊಂಡದ್ದು ಕೃಷ್ಣದೇವರಾಯನ ಕಾಲದಲ್ಲಿ, ಶಾಸನಕ್ಕೆ ಸುಮಾರು ಒಂದೂವರೆ ಶತಮಾನದ ಅನಂತರ. ಮೆಟ್ಟಿಲು ಶಿಖರವನ್ನು ಕಂಡು ಜಿನಾಲಯವೆನ್ನುವುದೂ, ಪಟ್ಟಿಯಲ್ಲಿ ಹೆಸರು ಕಾಣದೆ ಜಾತ್ಯತ್ರಿಭುಜವಿಲ್ಲವೆನ್ನುವುದೂ ಒಂದೇ ಜಾತಿಯ ಅನುಮಾನಗಳು.

ಶಿಖರದ ಆಕೃತಿಯಿಂದ ಮತವನ್ನು ತಿಳಿಯಲು ಬಾರದಿದ್ದರೂ ಅದರ ಗಣಿತವನ್ನು ತಿಳಿಯಬಹುದು. ಇಂತಹ ಶಿಖರವನ್ನು ಮೇಲಿಂದ ಕೆಳಕ್ಕೆ ನಡುವೆ ಸೀಳಿದಂತೆ ಭಾವಿಸಿದರೆ ಕಾಣುವುದು ದ್ವಿಸಮತ್ರಿಭುಜ, ಎಂದರೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಜಾತ್ಯತ್ರಿಭುಜಗಳು. ಕಟ್ಟಿ ಮುಗಿದ ಮೇಲೆ ಒಳಗಿನ ಎತ್ತರಕ್ಕೆ ಗುಂಡು ಕಟ್ಟಿದ ಹುರಿಯನ್ನು ಇಳಿಬಿಡುವಂತಿಲ್ಲ. ಅಳೆಯಲು ಸಿಕ್ಕುವುದು ತಳ ಮತ್ತು ಮೆಟ್ಟಿಲುಗಳ ಅಂಚನ್ನು ಮುಟ್ಟುತ್ತ ಹೋಗುವ ಓರೆ. ತಳದ ಅರ್ಧವು 4 ಕೋಲು, ಓರೆಯು 5 ಕೋಲು ಎಂದು ಭಾವಿಸಿದರೆ ಎತ್ತರ 3 ಕೋಲು. ತಳದ ನಡುವಿನಿಂದ ಓರೆಗೆ ಲಂಬವಾಗಿರುವ ಕಲ್ಲುಕಟ್ಟಡದ ದಪ್ಪವು ಎಷ್ಟೆಂಬುದೇ ಕರ್ಣದ ಮೇಲಣ ಅವಲಂಬಕದ ಪ್ರಶ್ನೆ. ಉತ್ತರವು 12/5 ಕೋಲು. ಹೊಸಪೇಟೆಯ ದಕ್ಷಿಣದಲ್ಲಿ, ಸಂಡೂರಿನ ಕಡೆಗೆ ಹೋಗುವ ದಾರಿಯಲ್ಲಿ, ಎರಡು ಬೆಟ್ಟಗಳ ನಡುವಣ ಕಣಿವೆಯ ಬಾಯಿಗೆ ಕೃಷ್ಣದೇವರಾಯನು ಹಾಕಿಸಿದ ಏರಿಯ ವಿಷಯದಲ್ಲಿಯೂ ಲೆಕ್ಕದ ಸ್ವರೂಪ ಬೇರೆಯಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು 1520ರ ಸುಮಾರಿನಲ್ಲಿ ಕಂಡು ವರ್ಣಿಸಿದ ಕೆಲಸವಿದು. ಏರಿಯ ಮೈಯ ಓರೆಯು ಹೊರಗೆ ಕಾಣುತ್ತದೆ, ಹಗ್ಗಕ್ಕೆ ಸಿಕ್ಕುತ್ತದೆ. ಲಂಬವು ಮಣ್ಣಿನೊಳಗೆ ಹೂತಿರುತ್ತದೆ.

ಶಿಖರ ಮತ್ತು ಏರಿಗಳಿಗಿಂತ ಹೆಚ್ಚಿನ ಬೆಲೆಯುಳ್ಳ ಲೆಕ್ಕವು ಗದ್ದೆಗಳದ್ದು. ತುಂಗಭದ್ರೆಗೆ ಅಡ್ಡಲಾಗಿ ಅಣೆಕಟ್ಟುಗಳನ್ನು ಹಾಕಿ ವಿಜಯನಗರದ ಅರಸರ ಕಾಲದಲ್ಲಿ ತೆಗೆದ ಕಾಲುವೆಗಳಲ್ಲಿ ಹಂಪೆಯ ಕಣಿವೆಯ ತುರ್ತು ಕಾಲುವೆ, ಹೊಸಪೇಟೆಯ ಕಡೆಯ ರಾಯ ಮತ್ತು ಬಸವಣ್ಣ ಕಾಲುವೆಗಳು, ಅವುಗಳಿಗೆ ಕೆಳಗೆ ರಾಮಸಾಗರ ಮತ್ತು ಕಂಪ್ಲಿ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ಕಾಲುವೆಯು ನೆಲದ ಇಳಿಜಾರನ್ನು ಅನುಸರಿಸಿ ಹೋಗುತ್ತದೆ, ಹೊಲದ ಅಂಚನ್ನು ಅನುಸರಿಸುವುದಿಲ್ಲ. ಆದುದರಿಂದ ಅದು ಒಂದು ಆಯತವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಕಡೆಯೂ ಜಾತ್ಯತ್ರಿಭುಜಗಳು ಉಳಿಯುತ್ತವೆ; ಕಾಲುವೆಯೇ ಅವುಗಳ ಕರ್ಣ.

ಮಹಾವೀರಾಚಾರ್ಯರು ಕ್ಷೇತ್ರಫಲಕ್ಕೆ ಎರಡು ಬಗೆಯ ಸೂತ್ರಗಳನ್ನು ಕೊಟ್ಟಿದ್ದಾರೆ, ವ್ಯಾವಹಾರಿಕ ಮತ್ತು ಸೂಕ್ಷ್ಮ. ವ್ಯಾವಹಾರಿಕದಲ್ಲಿ ಎದುರುಬದಿರು ಬಾಹುಗಳ ಮೊತ್ತಗಳ ಅರ್ಧಗಳನ್ನು ಗುಣಿಸಬೇಕು; ತ್ರಿಭುಜದಲ್ಲಿ ಒಂದು ಬಾಹುವಿನ ಎದುರು ಶೂನ್ಯ. 15, 20, 25 ಕೋಲುಗಳ ಗದ್ದೆಗೆ ಇದನ್ನು ಹಚ್ಚಿದರೆ ವಿಚಿತ್ರವಾದ ಫಲಗಳು ಬರುತ್ತವೆ. ಕಾಲುವೆಯ ಬದಿಯಾದ 25ನ್ನು ಭೂಮಿಯೆಂದರೆ ಫಲವು 218 3/4. 20ನ್ನು ಭೂಮಿಯೆಂದರೆ 200. 15ನ್ನು ಭೂಮಿಯೆಂದರೆ 168 3/4. ಒಂದೇ ಗದ್ದೆ, ಮೂರು ಫಲಗಳು. ಸೂಕ್ಷ್ಮದಲ್ಲಿ ಕರ್ಣಾರ್ಧವನ್ನು ಅವಲಂಬಕವಾದ 12ರಿಂದ ಗುಣಿಸಿದರೆ 150. ಭುಜಗಳ ಮೊತ್ತದ ಅರ್ಧವಾದ 30ರಲ್ಲಿ ಒಂದೊಂದು ಭುಜವನ್ನು ಕಳೆದು, ಉಳಿದ ಮೂರು ಶೇಷಗಳನ್ನೂ ಆ 30ನ್ನೂ ಗುಣಿಸಿ ಮೂಲ ತೆಗೆಯುವ ಇನ್ನೊಂದು ಸೂತ್ರದಿಂದಲೂ 150. ಯಾವ ಬಾಹುವನ್ನು ಭೂಮಿ ಮಾಡಿದರೂ ಸೂಕ್ಷ್ಮಫಲವು ಕದಲುವುದಿಲ್ಲ. ವ್ಯಾವಹಾರಿಕವಾದರೋ ಭೂಮಿಯನ್ನು ಆರಿಸುವವನ ಕೈಯಲ್ಲಿರುತ್ತದೆ, ಮತ್ತು ಮೂರರಲ್ಲಿ ಯಾವುದೂ ನಿಜಕ್ಕಿಂತ ಕಡಿಮೆ ಬರುವುದಿಲ್ಲ. ಕಾಲುವೆಯ ಬದಿಯಿಂದ ಅಳೆದಾಗ ಹೆಚ್ಚಳವು 68 3/4, ಗದ್ದೆಯ ಅರ್ಧದಷ್ಟಕ್ಕೆ ಸ್ವಲ್ಪವೇ ಕಡಿಮೆ. ತೆರಿಗೆಯು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಬೀಳುವ ನಾಡಿನಲ್ಲಿ ಈ ಅಂತರವು ಬರಿಯ ಅಂಕಿಗಳದ್ದಲ್ಲ. ದಾನಶಾಸನಗಳು ಗಳೆಯ ಹೆಸರನ್ನೂ ಭೂಮಿಯ ಮೊತ್ತವನ್ನೂ ಹೇಳುತ್ತವೆ. ಲೆಕ್ಕ ಮಾಡಿದ ಬಗೆಯನ್ನು ಬಿಡಿಸಿ ಹೇಳುವುದು ಅವುಗಳ ಕೆಲಸವಲ್ಲ. ಆದುದರಿಂದ ಶಾಸನದ ಮೊತ್ತವನ್ನು ಇಂದಿನ ಎಕರೆಗೆ ಪರಿವರ್ತಿಸುವವರು ಗಳೆಯ ಉದ್ದವನ್ನು ಮಾತ್ರ ಚರ್ಚಿಸಿ ನಿಲ್ಲುವುದು ಸಾಲದು. ಮೂಲೆಗದ್ದೆಗಳನ್ನು ಯಾವ ಸೂತ್ರದಿಂದ ಎಣಿಸಿರಬಹುದೆಂಬ ಪ್ರಶ್ನೆಯನ್ನೂ ಎತ್ತಬೇಕು.

1800ರಲ್ಲಿ ಬಳ್ಳಾರಿಯು ದತ್ತಮಂಡಲದ ಭಾಗವಾಗಿ ಈಸ್ಟ್ ಇಂಡಿಯಾ ಕಂಪನಿಯ ವಶವಾದಾಗ ಥಾಮಸ್ ಮನ್ರೋ ಮಾಡಿಸಿದ ಭೂಮಾಪನದಲ್ಲಿ 33 ಅಡಿಯ ಸರಪಳಿಯನ್ನು ಬಳಸಿದರು. ಆ ಅಳತೆಯ 40 ಚೌಕಗಳು ಒಂದು ಎಕರೆ. ಮುಂದೆ ಮದರಾಸು ಆಧಿಪತ್ಯದ ಮೋಜಣಿಯಲ್ಲಿ ಹೊಲವನ್ನು ಕರ್ಣರೇಖೆಯಿಂದ ಒಡೆದು, ಆ ರೇಖೆಯಿಂದ ಮೂಲೆಗಳಿಗೆ ಲಂಬವಾಗಿ ‘ಆಫ್‌ಸೆಟ್’ ಅಳೆಯುವ ಪದ್ಧತಿಯು ನೆಲೆಗೊಂಡಿತು. 15ಕ್ಕೆ 20ರ ಆಯತದಲ್ಲಿ ಕರ್ಣವು 25, ಎರಡು ಕಡೆಯ ಆಫ್‌ಸೆಟ್ ತಲಾ 12, ಫಲವು 300. ಆಫ್‌ಸೆಟ್ ಎಂಬುದು ಅವಲಂಬಕದ ಇನ್ನೊಂದು ಹೆಸರಷ್ಟೆ. ಸರಪಳಿಯ ಮೇಲೆ ಆಫ್‌ಸೆಟ್ ನಿಂತ ಸ್ಥಳವನ್ನು ಮೋಜಣಿದಾರನು ಬರೆದುಕೊಳ್ಳುವುದು ಆಬಾಧೆಯನ್ನು ಬರೆದುಕೊಳ್ಳುವುದೇ.

ಈ ಲೆಕ್ಕವು ಕನ್ನಡಿಗರ ಬಾಯಿಗೆ ಸಂಸ್ಕೃತದ ಮೂಲಕ ಮಾತ್ರ ಬಂದದ್ದಲ್ಲ. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’, ‘ಚಿತ್ರಹಸುಗೆ’ ಮುಂತಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದನು. ‘ಗಣಿತಸಾರಸಂಗ್ರಹ’ದ ಪ್ರತಿಗಳು ಉಳಿದುಬಂದುದಕ್ಕೂ ಕನ್ನಡ ಲಿಪಿಗೆ ದೊಡ್ಡ ಪಾಲು ಸಲ್ಲಬೇಕು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಪ್ರಕಟಿಸಿದ ಪ್ರಥಮ ಮುದ್ರಣಕ್ಕೆ ಆಧಾರವಾದ ಪ್ರತಿಗಳಲ್ಲಿ ಗ್ರಂಥಲಿಪಿಯದು ಒಂದು. ಅದರ ಸಂಸ್ಕೃತ ವ್ಯಾಖ್ಯಾನವು ಮೊದಲ ಐದು ಅಧ್ಯಾಯಗಳಿಗೆ ನಿಲ್ಲುವುದರಿಂದ ಕ್ಷೇತ್ರಗಣಿತಕ್ಕೆ ಅದರ ನೆರವಿಲ್ಲ. ಉದಾಹರಣೆಗಳನ್ನೂ ಉತ್ತರಗಳನ್ನೂ ಕನ್ನಡದಲ್ಲಿ ಸಂಕ್ಷೇಪವಾಗಿ ಹೇಳುವ ಓಲೆಪ್ರತಿ, ವಲ್ಲಭನೆಂಬವನ ಕನ್ನಡ ಟೀಕೆಯುಳ್ಳ ಮೈಸೂರಿನ ಪ್ರತಿ, ಮೂಡಬಿದರೆಯ ಕನ್ನಡ ಲಿಪಿಯ ಓಲೆಯಿಂದ ಇಳಿಸಿಕೊಂಡ ಪ್ರತಿ ಇವು ನೆರವಿಗೆ ಬಂದವು. 1963ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದ ಮೇಲೆ ಗ್ರಂಥವು ಕನ್ನಡ ವಿದ್ಯಾರ್ಥಿಗಳಿಗೆ ಎಟುಕುವಂತಾಯಿತು.

ಇನ್ನೂ ಭಂಡಾರಗಳಲ್ಲಿರುವ ಕ್ಷೇತ್ರಗಣಿತದ ಓಲೆಗಳನ್ನು ಸಂಪಾದಿಸುವವರಿಗೆ ಕರ್ಣಾವಲಂಬಕದ ನಿಯಮವು ಒರೆಗಲ್ಲಾಗಿ ಒದಗಬಲ್ಲುದು. ಓಲೆಯ ಅಂಚು ಸವೆದಾಗ, ಕಂಠದ ಗೆರೆ ಒಡೆದಾಗ, ಕನ್ನಡದ ೬ಕ್ಕೂ ೯ಕ್ಕೂ ಭೇದ ಕಾಣುವುದು ಕಷ್ಟ. ಮೊತ್ತವನ್ನು ನೋಡಿ ಸರಿಪಡಿಸಬಹುದೆಂದರೆ ಮೊತ್ತದ ಅಂಕವೂ ಅಳಿಸಿರಬಹುದು. ಜಾತ್ಯತ್ರಿಭುಜವೆಂದು ಸಂದರ್ಭದಿಂದ ತಿಳಿದರೆ ಆಬಾಧೆಗಳ ಘಾತವು ಅವಲಂಬಕದ ವರ್ಗವಾಗಲೇಬೇಕು. 6 ಮತ್ತು 16 ಎಂದು ಓದಿದರೆ ಘಾತವು 96, ಅದು ವರ್ಗಸಂಖ್ಯೆಯಲ್ಲ. 9 ಮತ್ತು 16 ಎಂದು ಓದಿದರೆ 144. ಕಪ್ಪಿಟ್ಟು ಹೋದ ಒಂದು ಅಂಕವನ್ನು ಹೀಗೆ ಉಳಿದ ಎರಡರಿಂದ ಪಡೆಯಬಹುದು. ಜೊತೆಗೆ ಕೊಟ್ಟ ಆಕೃತಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯ. ಓಲೆಯ ಅಗಲವು ಎರಡು ಬೆರಳಿನಷ್ಟಿರುವಾಗ ಲಿಪಿಕಾರನು ಕರ್ಣವನ್ನು ತಳದಲ್ಲಿ ಮಲಗಿಸಿ, ಎತ್ತರವನ್ನು ಕುಗ್ಗಿಸಿ ಬರೆಯುವುದು ಸಹಜ. ಅಂತಹ ಚಿತ್ರದಲ್ಲಿ ಲಂಬಕೋನವು ಅಗಲವಾಗಿ ತೆರೆದುಕೊಂಡು ವಿಷಮತ್ರಿಭುಜದಂತೆ ತೋರುತ್ತದೆ. ಅಲ್ಲಿ ಗೆರೆಯನ್ನು ಬಿಟ್ಟು ಅಂಕಗಳನ್ನು ಹಿಡಿಯಬೇಕು, ಮುದ್ರಿಸುವಾಗ ಚಿತ್ರವನ್ನು ಅಂಕಗಳಿಗೆ ಅನುಗುಣವಾಗಿ ಹೊಸದಾಗಿ ಬರೆದು, ಓಲೆಯ ಚಿತ್ರವನ್ನೂ ಇದ್ದಂತೆಯೇ ಪಕ್ಕದಲ್ಲಿ ಕೊಡಬೇಕು.